ಟರ್ಫ್‌ನಲ್ಲಿ ಫುಟ್‌ಬಾಲ್ ಬರ್ತ್‌ಡೇ: ಮೈದಾನಕ್ಕೆ ನಾಲ್ಕು ಸ್ಟಾರ್, ಪ್ಯಾಕೇಜಿಗೆ ಒಂದೂವರೆ

ಏಪ್ರಿಲ್‌ನಲ್ಲಿ ಮಗನಿಗೆ 8 ತುಂಬಿತು. ಹೋದ ವರ್ಷ ಅವನನ್ನ ಕಂಠೀರವಕ್ಕೆ ಕರ್ಕೊಂಡು ಹೋಗಿ ಬೆಂಗಳೂರು ಎಫ್‌ಸಿ ಮ್ಯಾಚ್ ತೋರಿಸಿದ್ದೇ ನನ್ನ ತಪ್ಪು. ಅವತ್ತಿನಿಂದ ನಮ್ಮನೇಲಿ ನೀಲಿ ಬಿಟ್ಟರೆ ಬೇರೆ ಬಣ್ಣ ಇಲ್ಲ, ಟೀಪಾಯಿ ಕಾಲುಗಳೇ ಗೋಲ್‌ಪೋಸ್ಟ್. ಹಾಗಾಗಿ ಈ ಸಲ ಬರ್ತ್‌ಡೇ ಟರ್ಫ್‌ನಲ್ಲೇ, ಅಂದರೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗೋ ಪ್ಲಾಸ್ಟಿಕ್ ಹುಲ್ಲಿನ ಮೈದಾನದಲ್ಲೇ ಅಂತ ತೀರ್ಮಾನ ಆಯಿತು. ತೀರ್ಮಾನ ಅವನದು, ದುಡ್ಡು ನಮ್ಮದು.

ನಾವಿರೋದು ಬನಶಂಕರಿ. ಕನಕಪುರ ರಸ್ತೆ ಕಡೆ ಒಂದು ಟರ್ಫ್‌ನಲ್ಲಿ ಬರ್ತ್‌ಡೇ ಪ್ಯಾಕೇಜ್ ತಗೊಂಡೆವು. ಹೆಸರು ಹಾಕುತ್ತಿಲ್ಲ. ದಿನಾ ಸಂಜೆ ಆಡೋ ಹುಡುಗರಿಗೆ ಅದು ಒಳ್ಳೆಯ ಜಾಗವೇ, ಅವರ ಹೊಟ್ಟೆ ಮೇಲೆ ಹೊಡೆಯೋ ಉದ್ದೇಶ ನನಗಿಲ್ಲ. ಪ್ಯಾಕೇಜ್ 14,000 ರೂಪಾಯಿ, 20 ಮಕ್ಕಳಿಗೆ. ಎರಡು ಗಂಟೆ ಮೈದಾನ, ಡೆಕೊರೇಷನ್, ಪಿಜ್ಜಾ, ಜ್ಯೂಸ್, ಆಡಿಸೋಕೆ ಒಬ್ಬ ಕೋಚ್. ಬರೀ ಮೈದಾನ ಬೇಕು ಅಂದರೆ ಭಾನುವಾರ ಗಂಟೆಗೆ 1,600. ಅಂದರೆ ಮೈದಾನದ 3,200 ಕಳೆದರೆ ಉಳಿದ 10,800 ಬಲೂನು ಮತ್ತು ಪಿಜ್ಜಾಗೆ. ಈ ಲೆಕ್ಕ ನಾನು ಬುಕ್ ಮಾಡೋಕೆ ಮುಂಚೆ ಹಾಕಬೇಕಿತ್ತು, ಹಾಕಿದ್ದು ಬಿಲ್ಲು ಕಟ್ಟಿ ಮನೆಗೆ ಬಂದ ಮೇಲೆ.

20 ಅನ್ನೋದು ಕನಿಷ್ಠ ಸಂಖ್ಯೆ. ಏಪ್ರಿಲ್ ಮಧ್ಯ ಅಂದರೆ ಬೇಸಿಗೆ ರಜೆ, ಅರ್ಧ ಕ್ಲಾಸು ಅಜ್ಜಿ ಊರಲ್ಲಿರುತ್ತೆ. 22 ಮಕ್ಕಳನ್ನ ಕರೆದಿದ್ದೆವು, ಬಂದದ್ದು 13. ಬರದೇ ಇರೋ 7 ಮಕ್ಕಳ ಪಿಜ್ಜಾ ಪಾರ್ಸಲ್ ಆದರೂ ಕೊಡಿ ಅಂದೆ. "ಹಾಗೆಲ್ಲ ಬರಲ್ಲ ಮೇಡಂ" ಅಂದರು. ರಜೆಯಲ್ಲಿ ಬರ್ತ್‌ಡೇ ಇರೋ ಮಕ್ಕಳ ಅಪ್ಪ ಅಮ್ಮಂದಿರು ಈ ಮಾತು ಮೊದಲೇ ಮಾತಾಡಿಕೊಳ್ಳಿ.

ಡೆಕೊರೇಷನ್ ವಿಷಯ ಸ್ವಲ್ಪ ವಿವರವಾಗಿ ಹೇಳಲೇಬೇಕು. ಫುಟ್‌ಬಾಲ್ ಥೀಮ್ ಅಂತ ಮೂರು ಸಲ ಹೇಳಿದ್ದೆ. ಹೋಗಿ ನೋಡಿದರೆ ಗೇಟಿನ ಹತ್ತಿರ ಎಂಟಡಿ ಬ್ಯಾನರು, ಅದರಲ್ಲಿ ಮಗನ ಹೆಸರು ಸರಿಯಾಗೇ ಇದೆ, ಪಕ್ಕದಲ್ಲಿ ಕಂದು ಬಣ್ಣದ, ಎರಡೂ ತುದಿ ಚೂಪಾದ, ಮಧ್ಯದಲ್ಲಿ ಬಿಳಿ ಹೊಲಿಗೆ ಇರೋ ಒಂದು ಚೆಂಡು. ಅಮೆರಿಕದವರು ಕೈಯಲ್ಲಿ ಹಿಡ್ಕೊಂಡು ಓಡ್ತಾರಲ್ಲ, ಆ ಫುಟ್‌ಬಾಲು! ನಮ್ಮ ಆಟಕ್ಕೆ ಅಲ್ಲಿ ಸಾಕರ್ ಅನ್ನುತ್ತಾರೆ. ಡಿಸೈನ್ ಮಾಡಿದವರು ಇಂಟರ್‌ನೆಟ್‌ನಲ್ಲಿ ಮೊದಲು ಸಿಕ್ಕಿದ್ದನ್ನ ಎತ್ತಿ ಅಂಟಿಸಿದ್ದಾರೆ. ನಮ್ಮ ಮಾವ ಕನ್ನಡಕ ಸರಿ ಮಾಡಿಕೊಂಡು ಹತ್ತಿರ ಹೋಗಿ ನೋಡಿದರು. "ಶುಭಕಾರ್ಯ ಅಂತ ತೆಂಗಿನಕಾಯಿ ಹಾಕಿದಾರೇನೋ, ಆದ್ರೆ ಸುಲಿದಿಲ್ಲ" ಅಂದರು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ನನ್ನ ಮಗ ಮಾತ್ರ ನಗಲಿಲ್ಲ. ಕೊನೆಗೆ ಅದರ ಮೇಲೆ ಎರಡು ನೀಲಿ ಬಲೂನ್ ಕಟ್ಟಿ ಮುಚ್ಚಿದೆವು.

ಬಲೂನು ಜಾಸ್ತಿ ಹೊತ್ತು ಉಳಿಯಲೂ ಇಲ್ಲ. ಟರ್ಫ್ ಪ್ಲಾಸ್ಟಿಕ್ ಹುಲ್ಲು, ಬಿಸಿಲಲ್ಲಿ ಮಾಮೂಲಿ ಹುಲ್ಲಿಗಿಂತ ತುಂಬಾ ಕಾಯುತ್ತೆ. ನಮ್ಮ ಸ್ಲಾಟ್ ಸಂಜೆ 4ರಿಂದ 6. ನಾಲ್ಕೂವರೆಗೆ ಬರಿಗಾಲಲ್ಲಿ ಇಳಿದ ಒಂದು ಮಗು ಕುಣಿಯುತ್ತಾ ವಾಪಸ್ ಬಂತು, ನೆಲಕ್ಕೆ ಇಳಿದ ಬಲೂನುಗಳು ಒಂದೊಂದೇ ಢಬ್ ಅಂದವು. ಬುಕಿಂಗ್ ಮಾಡುವಾಗ ಈ ಬಗ್ಗೆ ಒಬ್ಬರೂ ಒಂದು ಮಾತು ಹೇಳಲಿಲ್ಲ. ಬೇಸಿಗೆಯಲ್ಲಿ 5ಕ್ಕಿಂತ ಮುಂಚಿನ ಸ್ಲಾಟ್ ತಗೋಬೇಡಿ, ಕಡಿಮೆ ರೇಟು ಅಂತ ಆಸೆ ತೋರಿಸಿದರೂ.

ಆಮೇಲೆ ಚೆಂಡು. ಕೊಟ್ಟಿದ್ದು 5ನೇ ಸೈಜು, ಅದೂ ಕಲ್ಲಿನ ಹಾಗೆ ಗಾಳಿ ತುಂಬಿ. ಅದು ದೊಡ್ಡವರ ಚೆಂಡು, 410ರಿಂದ 450 ಗ್ರಾಂ ತೂಗುತ್ತೆ. ಎಂಟು ವರ್ಷದವರಿಗೆ 3 ಅಥವಾ 4ನೇ ಸೈಜು ಸರಿ. ಮೊದಲ ಹತ್ತು ನಿಮಿಷದಲ್ಲೇ ಒಬ್ಬ ಗೋಲ್‌ಕೀಪರ್ ಹೊಟ್ಟೆಗೆ ತಿಂದು ಕೂತುಬಿಟ್ಟ. ಪುಣ್ಯಕ್ಕೆ ನಮ್ಮ ಕಾರಲ್ಲಿ ಮಗನ ಹಳೇ 4ನೇ ಸೈಜಿನ ಚೆಂಡು ಇತ್ತು, ಉಳಿದ ಪಾರ್ಟಿ ಅದರಲ್ಲೇ ನಡೆಯಿತು. ಎರಡು ಟೀಮಿನ ಗುರುತಿಗೆ ಬಟ್ಟೆ ಮೇಲೆ ಹಾಕೋಕೆ ಅಂತ ಕೊಟ್ಟ ಬಿಬ್‌ಗಳನ್ನ (ತೋಳಿಲ್ಲದ ಬನಿಯನ್ ಥರದ್ದು) ಬ್ಯಾಗಿಂದ ತೆಗೆದ ತಕ್ಷಣ ವಾಸನೆ ಬಂತು, ಹಿಂದಿನ ಸ್ಲಾಟಿನ ಬೆವರು ಇನ್ನೂ ಆರಿರಲಿಲ್ಲ. ಮಕ್ಕಳು ಮೂಗು ಮುಚ್ಚಿಕೊಂಡು ತಲೆ ಮೇಲೆ ಹಾಕಿಕೊಂಡರು ಪಾಪ.

ಇಷ್ಟೆಲ್ಲಾ ಬೈದು ಮೈದಾನಕ್ಕೆ ನಾಲ್ಕು ಸ್ಟಾರ್ ಯಾಕೆ ಅಂತೀರಾ? ಎರಡು ಕಾರಣ. ಒಂದು, ಜಾಗ ನಿಜಕ್ಕೂ ಚೆನ್ನಾಗಿದೆ. ಸುತ್ತ ಮತ್ತು ಮೇಲೆ ಬಲೆ ಇದೆ, ಚೆಂಡು ರಸ್ತೆಗೆ ಹೋಗಲ್ಲ, ಹಿಂದೆ ಓಡೋ ಮಕ್ಕಳೂ ಹೋಗಲ್ಲ. ಒಂದೇ ಗೇಟು, ದೊಡ್ಡವರು ಅಲ್ಲಿ ಚೇರ್ ಹಾಕಿಕೊಂಡು ಕೂತರೆ ಸಾಕು. ಟಾಯ್ಲೆಟ್ ಒಂದೇ, ಆದರೆ ಶುಚಿಯಾಗಿತ್ತು.

ಎರಡನೇ ಕಾರಣ ಆ ಕೋಚ್ ಹುಡುಗ. ಕಾಲೇಜು ಓದೋ ವಯಸ್ಸು, ತಲೆ ಮೇಲೆ ನೀಲಿ ಟೋಪಿ, ಕತ್ತಿನಲ್ಲಿ ವಿಷಲ್. ಬಂದವನೇ ಎಲ್ಲರನ್ನೂ ಸುತ್ತ ಕೂರಿಸಿಕೊಂಡು ಜೇಬಿಂದ ಹಳದಿ ಕಾರ್ಡು, ಕೆಂಪು ಕಾರ್ಡು ತೆಗೆದು ತೋರಿಸಿದ. ತಳ್ಳಿದರೆ ಹಳದಿ, ಎರಡು ಹಳದಿ ಆದರೆ ಕೆಂಪು, ಕೆಂಪು ಬಂದರೆ ಅಮ್ಮನ ಪಕ್ಕ ಐದು ನಿಮಿಷ. ಆಮೇಲೆ ಆದದ್ದೇ ಬೇರೆ. ಮಕ್ಕಳಿಗೆ ಗೋಲಿಗಿಂತ ಹಳದಿ ಕಾರ್ಡು ಜಾಸ್ತಿ ಬೇಕಾಯಿತು. "ಅಣ್ಣಾ, ನಾನೂ ತಳ್ಳಿದೆ, ನಂಗೂ ಕೊಡು" ಅಂತ ಸಾಲಾಗಿ ನಿಂತರು. ಅವನು ಒಂದು ನಗುವೂ ಇಲ್ಲದೆ ಪುಸ್ತಕದಲ್ಲಿ ಹೆಸರು ಬರೆದುಕೊಂಡು ಒಬ್ಬೊಬ್ಬರಿಗೂ ಕಾರ್ಡು ತೋರಿಸಿದ. ಎಲ್ಲರಿಗೂ ಮೆಸ್ಸಿಯ 10 ಅಥವಾ ರೊನಾಲ್ಡೊನ 7 ನಂಬರೇ ಆಗಬೇಕು ಅಂತ ಜಗಳ ಬಿತ್ತು, ಅದನ್ನೂ ಬಿಡಿಸಿದ. ನನ್ನ ಮಗ ಮಾತ್ರ 11 ಸಾಕು ಅಂದ, ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ನಂಬರು.

ಕೊನೆಗೆ ಪೆನಾಲ್ಟಿ ಶೂಟೌಟ್. ನಿಜವಾದ ಪೆನಾಲ್ಟಿ ಗೋಲಿನಿಂದ 11 ಮೀಟರ್ ದೂರ. ಇವನು ಮಗು ನೋಡಿ ಹೆಜ್ಜೆ ಅಳೆದ. ಚುರುಕಾದವರಿಗೆ ಒಂಬತ್ತು ಹೆಜ್ಜೆ, ಹಿಂಜರಿಯೋರಿಗೆ ನಾಲ್ಕು. ಗೋಲಲ್ಲಿ ತಾನೇ ನಿಂತ. ಅಲ್ಲಿವರೆಗೂ ಮೂಲೆಯಲ್ಲಿ ಅಮ್ಮನ ದುಪ್ಪಟ್ಟಾ ಹಿಡ್ಕೊಂಡು ನಿಂತಿದ್ದ ಒಂದು ಹುಡುಗಿ ಬಂದು ಮೆತ್ತಗೆ ಒದ್ದಳು, ಚೆಂಡು ಉರುಳ್ತಾ ಉರುಳ್ತಾ ಬರ್ತಾ ಇದೆ, ಇವನು ಉಲ್ಟಾ ದಿಕ್ಕಿಗೆ ಎಷ್ಟು ಜೋರಾಗಿ ಹಾರಿ ಬಿದ್ದ ಅಂದರೆ ಟೋಪಿ ಗೋಲಿನೊಳಗೆ ಹೋಯಿತು, ಅದರ ಹಿಂದೆ ಚೆಂಡೂ ಹೋಯಿತು. 13 ಮಕ್ಕಳಿಗೂ ಒಂದೊಂದು ಗೋಲು. 14,000ದಲ್ಲಿ ಈ ಹುಡುಗನಿಗೆ ಎಷ್ಟು ಸಿಕ್ಕಿತು ಅಂತ ಕೇಳಿದೆ, ಸುಮ್ನೆ ನಕ್ಕ.

ಪಿಜ್ಜಾ ಮುಕ್ಕಾಲು ಗಂಟೆ ತಡ, ತಣ್ಣಗೆ. ಅದರ ಬಗ್ಗೆ ಇನ್ನೇನು ಹೇಳೋದು. ಆಡಿ ಬಂದ ಮಕ್ಕಳಿಗೆ ಅದು ಬೇಕಾಗಲೂ ಇಲ್ಲ. ನಮ್ಮತ್ತೆ ಮನೆಯಿಂದ ದೊಡ್ಡ ಕ್ಯಾನಿನಲ್ಲಿ ತಂದಿದ್ದ ನಿಂಬೆಹಣ್ಣಿನ ಪಾನಕ ಹತ್ತೇ ನಿಮಿಷದಲ್ಲಿ ಖಾಲಿ.

ಕೇಕ್ ನಮ್ಮ ಬೀದಿ ಬೇಕರಿಯದು, ಅರ್ಧ ಚೆಂಡಿನ ಆಕಾರ. ಅದಕ್ಕೆ ಟರ್ಫ್‌ನವರು "ಹೊರಗಿನ ಕೇಕ್ ಚಾರ್ಜ್" ಅಂತ 500 ಕಿತ್ತುಕೊಂಡರು, ಇದೂ ಮೊದಲೇ ಹೇಳಿರಲಿಲ್ಲ. ಹೋಗಲಿ. ಹಳೇ ಕಪ್ಪು ಬಿಳುಪು ಚೆಂಡಲ್ಲಿ ಐದು ಮೂಲೆಯ ಕಪ್ಪು ತುಂಡು 12, ಆರು ಮೂಲೆಯ ಬಿಳಿ ತುಂಡು 20. ಎಷ್ಟೋ ಕೇಕುಗಳಲ್ಲಿ ಎಲ್ಲಾ ಆರು ಮೂಲೆಯನ್ನೇ ಬರೆದು ಬಿಟ್ಟಿರುತ್ತಾರೆ. ಬೇಕರಿಯವರು ಪಕ್ಕದಲ್ಲಿ ಒಂದು ಚೆಂಡು ಇಟ್ಟುಕೊಂಡು ನೋಡಿ ನೋಡಿ ಮಾಡಿದರಂತೆ. ತಲೆ ಮೇಲೆ ಒಂದು ಕಪ್ಪು, ಅದರ ಸುತ್ತ ಐದು ಬಿಳಿ, ಲೆಕ್ಕ ತಪ್ಪಿಲ್ಲ. ಆದರೆ ಕೇಕ್ ಮೈದಾನದೊಳಗೆ ಕಟ್ ಮಾಡಬೇಡಿ. ಹುಲ್ಲಿನ ನಡುವೆ ಇರೋ ಕಪ್ಪು ರಬ್ಬರ್ ಕಾಳು ಮಕ್ಕಳ ಕೈಯಿಂದ ನೇರ ಕ್ರೀಮಿಗೆ ಹೋಗುತ್ತೆ, ನೋಡೋಕೆ ಥೇಟ್ ಸಾಸಿವೆ ಒಗ್ಗರಣೆ. ವಾರ ಕಳೆದರೂ ನಮ್ಮ ವಾಷಿಂಗ್ ಮೆಷಿನ್ ಫಿಲ್ಟರಿನಲ್ಲಿ ಸಿಗ್ತಾ ಇತ್ತು.

ಇನ್ನು ನನ್ನದೇ ಒಂದು ತಪ್ಪು. ಬನಶಂಕರಿಯಿಂದ ಚಿಕ್ಕಪೇಟೆಗೆ ಒಂದೇ ಮೆಟ್ರೋ ಅಲ್ವಾ ಅಂತ ಮಾಮೂಲ್‌ಪೇಟೆಗೆ ಹೋಗಿ ರಿಟರ್ನ್ ಗಿಫ್ಟಿಗೆ ಡಜನ್ ಲೆಕ್ಕದಲ್ಲಿ ವಿಷಲ್ ತಂದಿದ್ದೆ. ಮಾರನೇ ದಿನ ಬೆಳಿಗ್ಗೆ ಆರೂವರೆಗೆ ಅಮ್ಮಂದಿರ ಗ್ರೂಪಿನಲ್ಲಿ ಮೊದಲ ಮೆಸೇಜು ಬಂತು. ನೀವು ಕೀ ಚೈನ್ ಕೊಡಿ.

ಮುಂದಿನ ವರ್ಷವೂ ಅಲ್ಲೇ ಮಾಡ್ತೀವಿ, ಪ್ಯಾಕೇಜ್ ಇಲ್ಲದೆ. ಬರೀ ಎರಡು ಗಂಟೆ ಮೈದಾನ, ಸಂಜೆ 5ರಿಂದ 7, ನಮ್ಮ ಚೆಂಡು, ನಮ್ಮ ಪಾನಕ, ಚುರುಮುರಿ. ಕೋಚ್ ಹುಡುಗನಿಗೆ ಬೇರೆ ದುಡ್ಡು ಕೊಟ್ಟು ಕರೆಯೋಣ ಅಂತ ಈಗಲೇ ಮಾತಾಡಿ ಇಟ್ಟಿದ್ದೇನೆ. ಅವನು ಬರೋದು ಭಾನುವಾರ ಮಾತ್ರ, ಬರ್ತ್‌ಡೇ ಬುಧವಾರ ಬಿದ್ದರೂ ಸರಿ ಭಾನುವಾರವೇ ಮಾಡೋಣ ಅಂತ ಮಗ ಒಪ್ಪಿದ್ದಾನೆ.