ಗೋಡೆಯ ಪಟ್ಟಿ ತೆಗೆದ ಮೇಲೆ ಕೆಲಸಕ್ಕೆ ಬಂದ ಆ್ಯಪ್: ಕಾಲ್ ಸೆಂಟರ್‌ನಲ್ಲಿ ಮೂರು ವರ್ಷದ ಗೇಮಿಫಿಕೇಶನ್

ಮೈಸೂರಿನ ಒಂದು ಕಾಲ್ ಸೆಂಟರ್‌ನಲ್ಲಿ ನಾನು ಟೀಮ್ ಲೀಡರ್. ಫ್ರಿಜ್, ವಾಷಿಂಗ್ ಮಷೀನ್, ಮಿಕ್ಸಿ ಕೆಟ್ಟಾಗ ಗ್ರಾಹಕರು ಕರೆ ಮಾಡುವುದು ನಮಗೆ. ತಂಡದಲ್ಲಿ 18 ಮಂದಿ ಇದ್ದೇವೆ. ಮೂರು ವರ್ಷದ ಹಿಂದೆ ಕಂಪನಿ ನಮ್ಮ ಕೆಲಸಕ್ಕೆ ಗೇಮಿಫಿಕೇಶನ್ ಆ್ಯಪ್ ಒಂದನ್ನು, ಅಂದರೆ ಕೆಲಸವನ್ನು ಆಟದ ಹಾಗೆ ಮಾಡುವ ಆ್ಯಪ್ ಅನ್ನು, ಜೋಡಿಸಿತು. ಬೇಗ ಮುಗಿಸಿದ ಕರೆಗೆ ಅಂಕ, ಗ್ರಾಹಕರು ಕೊಟ್ಟ ಒಳ್ಳೆಯ ರೇಟಿಂಗ್‌ಗೆ ಅಂಕ, ರಜೆ ಹಾಕದೆ ಸತತವಾಗಿ ಬಂದ ದಿನಗಳಿಗೆ ಅಂಕ. ಅಂಕಗಳು ಕೂಡಿದರೆ ಪದಕ, ಶಾಪಿಂಗ್ ವೋಚರ್. ಗೋಡೆಯ ಮೇಲೆ ದೊಡ್ಡ ಟಿ.ವಿ., ಅದರಲ್ಲಿ ಎಲ್ಲರ ಹೆಸರು ಮತ್ತು ಸ್ಥಾನ. ಇಂಥ ಆ್ಯಪ್‌ಗಳ ಬಗ್ಗೆ ಓದಲು ಸಿಗುವುದು ಬಹುಮಟ್ಟಿಗೆ ಮಾರುವವರ ಮಾತು. ದಿನವೂ ಆ ಟಿ.ವಿ.ಯ ಕೆಳಗೆ ಕುಳಿತು ಕೆಲಸ ಮಾಡಿದವಳಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಎರಡು ತಿಂಗಳು ಫ್ಲೋರ್‌ಗೆ ಹಬ್ಬದ ಕಳೆ ಬಂದಿತ್ತು. ಶಿಫ್ಟ್‌ಗೆ ಹತ್ತು ನಿಮಿಷ ಮೊದಲೇ ಲಾಗಿನ್ ಆಗುತ್ತಿದ್ದರು. ಒಂದು ಕರೆಗೆ ಸರಾಸರಿ ಏಳು ನಿಮಿಷ ಹಿಡಿಯುತ್ತಿದ್ದದ್ದು ಐದಕ್ಕೆ ಇಳಿಯಿತು. ಮೀಟಿಂಗ್‌ನಲ್ಲಿ ನಾನೇ ಎದ್ದು ನಿಂತು ಈ ಆ್ಯಪ್ ಅನ್ನು ಹೊಗಳಿದ್ದೆ. ಮೂರನೆಯ ತಿಂಗಳು ಇನ್ನೊಂದು ಲೆಕ್ಕ ಕಣ್ಣಿಗೆ ಬಿತ್ತು: ಅದೇ ಗ್ರಾಹಕ, ಅದೇ ಫ್ರಿಜ್, ಎರಡು ದಿನದಲ್ಲಿ ಮೂರನೆಯ ಕರೆ. ರೆಕಾರ್ಡಿಂಗ್‌ಗಳನ್ನು ಕೂತು ಕೇಳಿದೆ. ನಾಲ್ಕೂವರೆ ನಿಮಿಷ ಆಗುತ್ತಿದ್ದಂತೆ ನಮ್ಮವರು 'ಟೆಕ್ನಿಷಿಯನ್ ಬಂದು ನೋಡುತ್ತಾರೆ' ಎಂದು ಕರೆ ಮುಗಿಸುತ್ತಿದ್ದರು. ಸ್ಟೆಬಿಲೈಸರ್‌ನ ಪ್ಲಗ್ ಸಡಿಲವಾಗಿದೆಯೇ ಎಂದು ಕೇಳುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ. ಅವರು ಮೋಸ ಮಾಡುತ್ತಿದ್ದಾರೆ ಎಂದು ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಆ್ಯಪ್ ಏನನ್ನು ಕೇಳಿತ್ತೋ ಅದನ್ನು ಕೊಡುತ್ತಿದ್ದರು, ಅಷ್ಟೆ. ಅಳತೆಯನ್ನೇ ಗುರಿ ಮಾಡಿಕೊಂಡರೆ ಅದು ಅಳತೆಯಾಗಿ ಉಳಿಯುವುದಿಲ್ಲ ಎಂಬ ಮಾತಿಗೆ ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರ ಹೆಸರಿದೆ. 1975ರಲ್ಲಿ ಅವರು ಬರೆದದ್ದು ಹಣಕಾಸು ನೀತಿಯ ಬಗ್ಗೆ. ನಮ್ಮಲ್ಲಿ ಅದು ಕೆಟ್ಟ ಫ್ರಿಜ್‌ಗಳ ವಿಷಯದಲ್ಲಿ ನಿಜವಾಯಿತು.

ಆ ದಿನಗಳ ಒಂದು ಕರೆಯನ್ನು ನಾನು ಮರೆತಿಲ್ಲ. ಎಚ್.ಡಿ. ಕೋಟೆ ಕಡೆಯ ಅಜ್ಜಿಯೊಬ್ಬರು ಫ್ರಿಜ್ ತಣ್ಣಗಾಗುತ್ತಿಲ್ಲ ಎಂದು ಕರೆ ಮಾಡಿದ್ದರು. ನಮ್ಮ ತಂಡದ ಅತ್ಯಂತ ತಾಳ್ಮೆಯ ಹುಡುಗಿ 24 ನಿಮಿಷ ಅವರೊಂದಿಗೆ ಮಾತನಾಡಿದಳು. ಬಾಗಿಲು ತೆಗೆಸಿ, ಒಳಗಿನ ತಿರುಗಣೆ ಎಲ್ಲಿದೆ ಎಂದು ವಿವರಿಸಿ, ಪಕ್ಕದ ಮನೆಯ ಹುಡುಗನನ್ನು ಕರೆಸಿ ಅಂಕಿ ಓದಿಸಿದಳು. ಫ್ರಿಜ್ ಒರೆಸುವಾಗ ತಿರುಗಣೆ ಸೊನ್ನೆಗೆ ಹೋಗಿತ್ತು. ಅಜ್ಜಿ ಆಶೀರ್ವಾದ ಮಾಡಿ ಫೋನ್ ಇಟ್ಟರು. ಟೆಕ್ನಿಷಿಯನ್ ಅಷ್ಟು ದೂರ ಹೋಗುವುದು ತಪ್ಪಿತು. ಅಂದು ಸಂಜೆ ಗೋಡೆಯ ಪಟ್ಟಿಯಲ್ಲಿ ಆ ಹುಡುಗಿ 18ನೆಯವಳು. 'ಮೇಡಂ, ನಾನೇನು ತಪ್ಪು ಮಾಡಿದೆ?' ಎಂದು ಅವಳು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಆಮೇಲೆ ಹುಡುಕಿ ಓದಿದಾಗ ತಿಳಿಯಿತು, ಇದು ಹೊಸ ಕಥೆಯಲ್ಲ. ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿರುವ ಡಿಸ್ನಿ ಹೋಟೆಲ್‌ಗಳ ಲಾಂಡ್ರಿಯಲ್ಲೂ ಹೀಗೆಯೇ ಕೆಲಸಗಾರರ ವೇಗವನ್ನು ಪರದೆಯ ಮೇಲೆ ತೋರಿಸುತ್ತಿದ್ದರು. 2011ರಲ್ಲಿ ಅದು ಪತ್ರಿಕೆಗಳಲ್ಲಿ ಬಂದಾಗ, ಕೆಲಸಗಾರರು ಆ ಪರದೆಗೆ ಇಟ್ಟಿದ್ದ ಹೆಸರೂ ಹೊರಬಿತ್ತು: ಎಲೆಕ್ಟ್ರಾನಿಕ್ ಚಾಟಿ.

ಹಾಜರಿ ಸರಣಿಯ ವಿಷಯದಲ್ಲಿ ನನಗೆ ಇಂದಿಗೂ ಕೋಪವಿದೆ. ಒಂದು ದಿನ ರಜೆ ಹಾಕಿದರೂ ಸರಣಿ ಸೊನ್ನೆಗೆ ಇಳಿಯುತ್ತಿತ್ತು. 61 ದಿನದ ಸರಣಿ ಕಳೆದುಕೊಳ್ಳಲಾರದೆ ಒಬ್ಬ ಹುಡುಗ 102 ಡಿಗ್ರಿ ಜ್ವರದಲ್ಲಿ ಬಂದು ಹೆಡ್‌ಸೆಟ್ ಹಾಕಿಕೊಂಡ. ಅವನನ್ನು ಆಟೋ ಹತ್ತಿಸಿ ಮನೆಗೆ ಕಳುಹಿಸಿದ ದಿನವೇ, ಇದನ್ನು ಸರಿಪಡಿಸಿ ಇಲ್ಲವೇ ತೆಗೆದುಹಾಕಿ ಎಂದು ಮೇಲಿನವರಿಗೆ ಬರೆದೆ.

ಸರಿಪಡಿಸಲು ಬೇಕಾದ ಸೌಲಭ್ಯಗಳೆಲ್ಲ ಆ್ಯಪ್‌ನಲ್ಲಿ ಮೊದಲಿನಿಂದಲೂ ಇದ್ದವು. ಅವನ್ನು ತೆರೆದುಕೊಡಲು ಆ್ಯಪ್‌ನವರು ನಾಲ್ಕು ತಿಂಗಳು ತೆಗೆದುಕೊಂಡರು. ಈಗ ಸ್ಥಾನ ಯಾರಿಗೂ ಕಾಣುವುದಿಲ್ಲ. ಕಳೆದ ತಿಂಗಳ ತನ್ನ ಕೆಲಸಕ್ಕೆ ಈ ತಿಂಗಳ ಕೆಲಸವನ್ನು ಹೋಲಿಸಿಕೊಳ್ಳಲು ಮಾತ್ರ ಸಾಧ್ಯ. ಬೇಗ ಮುಗಿಸಿದ್ದಕ್ಕೆ ಅಂಕವಿಲ್ಲ. ಅದೇ ದೂರಿಗೆ ಏಳು ದಿನದೊಳಗೆ ಮತ್ತೆ ಕರೆ ಬರದಿದ್ದರೆ ಅಂಕ. ಮಂಜೂರಾದ ರಜೆಯಿಂದ ಸರಣಿ ಮುರಿಯುವುದಿಲ್ಲ. ವಾರದ ಗುರಿ ಇಡೀ ತಂಡಕ್ಕೆ ಒಂದೇ. ಸರಾಸರಿ ಮತ್ತೆ ಆರೂವರೆ ನಿಮಿಷಕ್ಕೆ ಏರಿದೆ, ಮರುಕರೆಗಳು ಕಣ್ಣಿಗೆ ಕಾಣುವಷ್ಟು ಇಳಿದಿವೆ.

ಈ ಆ್ಯಪ್‌ನಲ್ಲಿ ನಿಜಕ್ಕೂ ಚೆನ್ನಾಗಿರುವುದು ಬೆಳಗಿನ ಕ್ವಿಜ್. ಐದು ಪ್ರಶ್ನೆ, ಮೂರು ನಿಮಿಷ: ಹೊಸ ಮಾಡೆಲ್‌ಗಳು, ಎರರ್ ಕೋಡ್‌ಗಳು, ವಾರಂಟಿ ನಿಯಮಗಳು. ತಪ್ಪಾದ ಪ್ರಶ್ನೆ ಕೆಲವು ದಿನ ಬಿಟ್ಟು ಮತ್ತೆ ಬರುತ್ತದೆ. ಹೊಸದಾಗಿ ಸೇರಿದವರು ಮೊದಲ ವಾರ ಪ್ರತಿ ಕರೆಗೂ ನನ್ನತ್ತ ನೋಡುತ್ತಾರೆ. ಒಂದೊಂದೇ ಹಂತ ದಾಟುತ್ತಾ ಹೋದಂತೆ ಆ ನೋಟ ಕಡಿಮೆಯಾಗುತ್ತದೆ. ಅವರು ಕಲಿಯುತ್ತಿರುವುದು ನನಗಿಂತ ಮೊದಲು ಅವರಿಗೇ ಕಾಣಿಸುತ್ತದಲ್ಲ, ಅದು ದೊಡ್ಡ ಉಪಕಾರ.

ವೋಚರ್‌ಗಳ ಬಗ್ಗೆ ನನಗೆ ಆ ಮಾತು ಹೇಳಲಾಗದು. ಕಳೆದ ವರ್ಷ ಖರ್ಚು ಕಡಿತವೆಂದು ಮೂರು ತಿಂಗಳು ವೋಚರ್ ನಿಂತಿತು. ಅದರ ಆಸೆಗೆ ಹೆಚ್ಚುವರಿ ಶಿಫ್ಟ್ ಒಪ್ಪುತ್ತಿದ್ದವರು ಮರುವಾರವೇ ಹಿಂದೆ ಸರಿದರು. ವೋಚರ್ ಇಲ್ಲದ ದಿನಗಳಲ್ಲೂ, ಅಂದರೆ ಈ ಆ್ಯಪ್ ಬರುವ ಮೊದಲೂ, ಹಬ್ಬದ ಸಮಯದಲ್ಲಿ ಕೇಳಿದರೆ ಇವರೇ ಸಂತೋಷದಿಂದ ಬರುತ್ತಿದ್ದರು. ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಗಟು ಬಿಡಿಸಲು ಹಣ ಪಡೆದ ವಿದ್ಯಾರ್ಥಿಗಳು ಹಣ ನಿಂತ ಮೇಲೆ ಬಿಡುವಿನ ವೇಳೆಯಲ್ಲಿ ಅದನ್ನು ಕೈಗೆತ್ತಿಕೊಳ್ಳುವುದು ಕಡಿಮೆಯಾಗಿತ್ತು. ಅದನ್ನು ಓದಿದಾಗ ನನಗೆ ನಮ್ಮ ಫ್ಲೋರ್ ನೆನಪಾಯಿತು.

ಸಹೋದ್ಯೋಗಿಗಳು ಒಬ್ಬರಿಗೊಬ್ಬರು ಕಳುಹಿಸುವ ಶಹಬ್ಬಾಸ್ ಕಾರ್ಡ್‌ಗೆ ಅಂಕವೇ ಇಲ್ಲ, ಆದರೂ ಆ ಮೂರು ತಿಂಗಳಲ್ಲಿ ಅದು ನಿಲ್ಲಲಿಲ್ಲ. 'ಆ ತೆಲುಗು ಕರೆಯನ್ನು ನೀವು ತೆಗೆದುಕೊಳ್ಳದಿದ್ದರೆ ನನ್ನ ಊಟವೇ ತಪ್ಪುತ್ತಿತ್ತು' ಎಂಬಂಥ ಸಾಲುಗಳು. ಮೊದಲ ವರ್ಷ ಟಿ.ವಿ.ಯಲ್ಲಿ ಕನ್ನಡದ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣುತ್ತಿದ್ದವು, 'ಕೃತಜ್ಞತೆ' ಎಂಬ ಪದವನ್ನು ಓದಲಾಗುತ್ತಿರಲಿಲ್ಲ. ಈಗ ಅದು ಸರಿಯಾಗಿದೆ. ಮೆನು ಮಾತ್ರ ಇನ್ನೂ ಇಂಗ್ಲಿಷ್‌ನಲ್ಲೇ ಇದೆ. ಕನ್ನಡದಲ್ಲಿ ದುಡಿಯುವವರಿಗೆ ಮಾಡಿದ ವ್ಯವಸ್ಥೆಯಲ್ಲಿ ಇದು ಸಣ್ಣ ಕೊರತೆಯಲ್ಲ.

ಐದರಲ್ಲಿ ಮೂರು ನಕ್ಷತ್ರ ಕೊಡುತ್ತೇನೆ. ಮೊದಲ ವರ್ಷ ಕೇಳಿದ್ದರೆ ಒಂದು ಕೊಡುತ್ತಿದ್ದೆ. ಗೋಡೆಯ ಟಿ.ವಿ.ಯಲ್ಲಿ ಈಗ ಆ ದಿನ ಯಾವ ತಾಲ್ಲೂಕಿನಲ್ಲಿ ಎಷ್ಟು ಟೆಕ್ನಿಷಿಯನ್‌ಗಳು ಲಭ್ಯ ಎಂಬುದು ಬರುತ್ತದೆ. ಏಪ್ರಿಲ್‌ನಲ್ಲಿ ಒಪ್ಪಂದ ನವೀಕರಣವಾಗಬೇಕು. ಈ ಅಂಕಗಳನ್ನು ವಾರ್ಷಿಕ ಇನ್‌ಕ್ರಿಮೆಂಟ್‌ಗೆ ಜೋಡಿಸುವ ಮಾತು ಮೇಲೆ ನಡೆಯುತ್ತಿದೆ. ನವೀಕರಣಕ್ಕೆ ನನ್ನ ಒಪ್ಪಿಗೆ ಇದೆ, ಆ ಜೋಡಣೆಗೆ ಇಲ್ಲ ಎಂದು ಬರೆದು ಕೊಟ್ಟಿದ್ದೇನೆ. ತಂಡದ 18 ಮಂದಿಯೂ ಅದರ ಕೆಳಗೆ ಸಹಿ ಹಾಕಿದ್ದಾರೆ.