ಆಟಿ ತಿಂಗಳಿಗೆ ಅಂಟಿಕೊಂಡ ಮೌಸ್

ವೈರ್‌ಲೆಸ್ ಮೌಸ್ ಕೊಳ್ಳುವವರು ಡಿಪಿಐ, ಅಂದರೆ ಸೆನ್ಸರಿನ ಚುರುಕು, ಎಷ್ಟು ಅಂತ ನೋಡ್ತಾರೆ, ಸೆಲ್ ಎಷ್ಟು ತಿಂಗಳು ಬರ್ತದೆ ಅಂತ ನೋಡ್ತಾರೆ, ಬ್ಲೂಟೂತ್ ಉಂಟಾ ಅಂತ ಕೇಳ್ತಾರೆ. ನಾನು ಈಗ ಮೊದಲು ನೋಡುವುದು ಅದರ ಮೈ. ಬದಿಯಲ್ಲಿ ಮೆತ್ತಗಿನ ರಬ್ಬರ್ ಉಂಟಾ, ಇಲ್ಲ ಬರೀ ಗಟ್ಟಿ ಪ್ಲಾಸ್ಟಿಕ್ಕಾ? ಕರಾವಳಿಯಲ್ಲಿ ಇರುವವರು ಮಿಕ್ಕದ್ದೆಲ್ಲ ಆಮೇಲೆ ಕೇಳಿದರೂ ನಡೀತದೆ.

ಮೂರೂವರೆ ಸಾವಿರ ಕೊಟ್ಟು ತಂದ ಮೌಸಿಗೆ ಐದರಲ್ಲಿ ಮೂರೇ ನಕ್ಷತ್ರ ಕೊಟ್ಟದ್ದು ಆ ರಬ್ಬರ್ ಅಂಟಂಟಾದ ಕಾರಣಕ್ಕೆ. ಕಂಪನಿಯ ಹೆಸರು ಬರೆಯುವುದಿಲ್ಲ. ಇದು ಒಂದು ಕಂಪನಿಯ ರೋಗ ಅಲ್ಲ; ಕ್ಯಾಮೆರಾ ಹಿಡಿ, ದುರ್ಬೀನು, ಹಳೆಯ ಲ್ಯಾಪ್‌ಟಾಪಿನ ಮುಚ್ಚಳ, ಕಾರಿನ ಡ್ಯಾಶ್‌ಬೋರ್ಡಿನ ಗುಂಡಿ, ಎಲ್ಲದಕ್ಕೂ ಬರುವಂಥದ್ದು.

ನಮ್ಮದು ಉಡುಪಿ ಕಡೆಯ ಚಿಕ್ಕ ಡಿಟಿಪಿ ಅಂಗಡಿ. ಮದುವೆ ಕಾಗದ, ಗೃಹಪ್ರವೇಶ, ಭೂತದ ನೇಮದ ಕರಪತ್ರ, ಯಕ್ಷಗಾನದ ಪೋಸ್ಟರ್. ದೀಪಾವಳಿ ಕಳೆದು ಮೇಳಗಳು ಹೊರಟಲ್ಲಿಂದ ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಮೌಸ್ ಕೈಯಿಂದ ಇಳಿಯುವುದಿಲ್ಲ. ಕೀಬೋರ್ಡಿಗಿಂತ ನನಗೆ ಮೌಸಿನ ಕೆಲಸವೇ ಹೆಚ್ಚು, ಅದಕ್ಕೆ ನುಡಿ ಫಾಂಟಿನ ಒತ್ತಕ್ಷರಗಳೇ ಕಾರಣ. ಪುಟ ಜೋಡಿಸುವ ಸಾಫ್ಟ್‌ವೇರ್ ಪೇಜ್‌ಮೇಕರ್ 7.0 ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ಅಂದರೆ ಏನೂಂತ ಗೊತ್ತಿಲ್ಲ. ಆದರೂ ಹಳೆಯ ಫೈಲುಗಳೆಲ್ಲ ಅದರಲ್ಲೇ ಇರುವುದರಿಂದ ಬಿಡಲಿಕ್ಕಾಗಿಲ್ಲ. ದೊಡ್ಡ ಅಕ್ಷರದ ಶೀರ್ಷಿಕೆ ಮಾತ್ರ ಚಿತ್ರ ಬಿಡಿಸುವ ಕೋರಲ್‌ಡ್ರಾದಲ್ಲಿ. ಅಕ್ಷರ ದೊಡ್ಡದಾದಷ್ಟು ಒತ್ತು ಎಲ್ಲೋ ದೂರ ನೇತಾಡ್ತದೆ, ಇಲ್ಲ ಕೆಳಗಿನ ಸಾಲಿನ ತಲೆಗೆ ತಾಗ್ತದೆ. ಅದನ್ನು ಆಕೃತಿ ಮಾಡಿ, ಒಡೆದು, ಕೂದಲೆಳೆಯಷ್ಟು ಸರಿಸಿ ಕೂರಿಸಬೇಕು. ಮದುಮಗಳ ಹೆಸರು ಜ್ಯೋತ್ಸ್ನಾ ಅಂತ ಇದ್ದರೆ ಆ ಹೊತ್ತು ನಾನು ಫೋನ್ ಎತ್ತುವುದಿಲ್ಲ.

ಹಾಗಾಗಿ ಈ ದುಬಾರಿ ಮೌಸ್ ತಂದಾಗ ನನಗಾದ ಸಂತೋಷ ಸಣ್ಣದಲ್ಲ. ಅಂಗೈ ಪೂರ್ತಿ ಅದರ ಬೆನ್ನ ಮೇಲೆ ಕೂರ್ತದೆ, ಮಣಿಕಟ್ಟು ಮೇಜಿಗೆ ಒರಗುವುದಿಲ್ಲ. ಹೆಬ್ಬೆರಳ ಹತ್ತಿರ ಎರಡು ಗುಂಡಿ. ಒಂದಕ್ಕೆ ಅನ್‌ಡೂ, ಇನ್ನೊಂದಕ್ಕೆ ಜೂಮ್ ಕೊಟ್ಟೆ. ಒತ್ತಕ್ಷರ ಸರಿಸುವುದು, ಚಂದ ಕಾಣದಿದ್ದರೆ ಹೆಬ್ಬೆರಳಲ್ಲಿ ವಾಪಸು ತರುವುದು, ಮತ್ತೆ ಸರಿಸುವುದು. ಎಡಗೈಯಲ್ಲಿ ಚಾ ಲೋಟ ಹಿಡಿದುಕೊಂಡೇ ಒಂದು ಇಡೀ ಪೋಸ್ಟರ್ ಮುಗಿಸಬಹುದು. ಬದಿಗಳಲ್ಲಿ ಕಪ್ಪು ರಬ್ಬರಿನ ಹಾಸು, ಮುಟ್ಟಿದರೆ ಮಖಮಲ್ಲು. ಅಂಗಡಿಯಲ್ಲಿ ಅದನ್ನು ಮುಟ್ಟಿಯೇ ನಾನು ಮರುಳಾದದ್ದು.

ಬೆಳಿಗ್ಗೆ ಶಟರ್ ಎತ್ತಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಯುಪಿಎಸ್ ಒತ್ತಿ, ಕಂಪ್ಯೂಟರ್ ಏಳುವಷ್ಟರಲ್ಲಿ ಮೌಸಿನ ಸೇವೆ. ಮಗುಚಿ ಹಾಕಿ ಅಡಿಯ ಸ್ವಿಚ್ ಆನ್ ಮಾಡುವುದು, ಸೆನ್ಸರಿನ ತೂತಿಗೆ ಬಾಯಿಂದ ಒಂದು ಊದು, ಪಾದಗಳಿಗೆ ಹಿಡಿದ ಕಾಗದದ ಪುಡಿಯನ್ನು ಉಗುರಿನಲ್ಲಿ ಕೆರೆಯುವುದು. ಕಟ್ಟಿಂಗ್ ಮೆಷಿನ್ ಇರುವ ಅಂಗಡಿಯಲ್ಲಿ ಈ ಪುಡಿ ಎಲ್ಲೆಲ್ಲಿ ಹೋಗಿ ಕೂರ್ತದೆ ಹೇಳಲಿಕ್ಕಾಗುವುದಿಲ್ಲ. ಒಂದು ಎಳೆ ಸೆನ್ಸರಿನ ಎದುರು ಸಿಕ್ಕಿಕೊಂಡರೂ ಪರದೆಯ ಮೇಲಿನ ಬಾಣ ತನ್ನಷ್ಟಕ್ಕೇ ಕುಣಿಯಲಿಕ್ಕೆ ಶುರು.

ಪ್ಯಾಡ್ ನಾನು ದುಡ್ಡು ಕೊಟ್ಟು ತಂದದ್ದೇ ಇಲ್ಲ. ನಮ್ಮ ಮೇಜಿನ ಮೇಲೆ ಗಾಜು ಉಂಟು, ಅದರ ಅಡಿಯಲ್ಲಿ ಮದುವೆ ಕಾಗದದ ಸ್ಯಾಂಪಲ್‌ಗಳು. ಸಾಮಾನ್ಯ ಆಪ್ಟಿಕಲ್ ಮೌಸ್ ಗಾಜಿನ ಮೇಲೆ ನಡೆಯುವುದಿಲ್ಲ. ಅದರೊಳಗೆ ಇರುವುದು ಪುಟ್ಟ ಕ್ಯಾಮೆರಾ. ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಚಿತ್ರ ತೆಗೆದು, ಹಿಂದಿನದಕ್ಕೂ ಈಗಿನದಕ್ಕೂ ಎಷ್ಟು ಸರಿಯಿತು ಅಂತ ಲೆಕ್ಕ ಹಾಕ್ತದೆ. ನುಣ್ಣಗಿನ ಗಾಜಿನಲ್ಲಿ ಅದಕ್ಕೆ ಹಿಡಿಯಲಿಕ್ಕೆ ಗುರುತೇ ಸಿಗುವುದಿಲ್ಲ. ಗಾಜಿನ ಮೇಲೂ ನಡೆಯುವ ಡಾರ್ಕ್‌ಫೀಲ್ಡ್ ತಂತ್ರವನ್ನು ಲಾಜಿಟೆಕ್‌ನವರು 2009ರಲ್ಲೇ ತಂದಿದ್ದಾರೆ, ಆದರೆ ಅದು ಮೇಲಿನ ದರದ ಮೌಸುಗಳಲ್ಲಿ. ನನಗೆ ಅದು ಬೇಕಾಗಲಿಲ್ಲ. ಪ್ರಿಂಟ್ ತಪ್ಪಿದ ದಪ್ಪ ಕಾರ್ಡು, ಲ್ಯಾಮಿನೇಶನ್ ಇಲ್ಲದ್ದು, ನಮ್ಮಲ್ಲಿ ಯಾವಾಗಲೂ ಒಂದು ಕಟ್ಟು ಇರ್ತದೆ. ಹಿಂಬದಿ ಮೇಲೆ ಮಾಡಿ ಇಟ್ಟರೆ ಅದೇ ಪ್ಯಾಡ್. ಚಾ ಚೆಲ್ಲಿದರೆ ಬಿಸಾಡಿ ಇನ್ನೊಂದು. ಫೋನಲ್ಲಿ ಬಂದ ಆರ್ಡರನ್ನೂ ಅದರ ಮೂಲೆಯಲ್ಲೇ ಬರೆದುಕೊಳ್ಳುವುದು.

ಸೆಲ್ಲಿನ ವಿಷಯದಲ್ಲಿ ನಾನು ಪುಣ್ಯವಂತೆ. ಪಕ್ಕದ ಸ್ಟುಡಿಯೋದ ಅಣ್ಣ ಮದುವೆಗೆ ಹೋಗುವಾಗ ಫ್ಲ್ಯಾಷಿಗೆ ರೀಚಾರ್ಜ್ ಮಾಡುವ ಡಬಲ್ ಎ ಸೆಲ್‌ಗಳನ್ನು ಹಾಕ್ತಾರೆ. ಅವು ಸ್ವಲ್ಪ ಹಳತಾದರೆ ಫ್ಲ್ಯಾಷ್ ತುಂಬಲಿಕ್ಕೆ ನಿಧಾನ. ಮುಹೂರ್ತದ ಹೊತ್ತಿಗೆ ಕಾಯ್ತಾ ನಿಲ್ಲಲಿಕ್ಕಾಗ್ತದಾ? ಅಂಥ ಸೆಲ್‌ಗಳೆಲ್ಲ ನನಗೆ. ಮೌಸ್ ಎಳೆಯುವ ಕರೆಂಟು ಎಷ್ಟು ಕಡಿಮೆ ಅಂದರೆ ಫ್ಲ್ಯಾಷಿಗೆ ಮುದಿಯಾದ ಸೆಲ್ ನನ್ನಲ್ಲಿ ತಿಂಗಳುಗಟ್ಟಲೆ ದುಡೀತದೆ. ಒಂದೇ ತಮಾಷೆ, ಈ ಸೆಲ್ 1.2 ವೋಲ್ಟಿನದ್ದು, ಮಾಮೂಲಿ ಆಲ್ಕಲೈನ್ 1.5. ಹಾಗಾಗಿ ತುಂಬಿದ ಸೆಲ್ ಹಾಕಿದರೂ ಮೌಸಿನ ಬ್ಯಾಟರಿ ಸೂಚಕ ಹಸಿವು ಹಸಿವು ಅಂತ ಅಳ್ತದೆ. ಅದನ್ನು ನಂಬಬೇಡಿ. ಆಲ್ಕಲೈನ್ ಹಾಕುವವರು ಮಾತ್ರ ತುಂಬ ದಿನ ಬಳಸದಿದ್ದರೆ ತೆಗೆದಿಡಿ. ಸೋರಿದರೆ ಸ್ಪ್ರಿಂಗನ್ನೇ ತಿಂದು ಹಾಕ್ತದೆ.

ರಿಸೀವರಿನದ್ದು, ಅಂದರೆ ಮೌಸಿನ ಮಾತು ಕೇಳಲಿಕ್ಕೆ ಕಂಪ್ಯೂಟರಿಗೆ ಚುಚ್ಚುವ ಪುಟ್ಟ ತುಂಡಿನದ್ದು, ಒಂದು ಮಾತು ಹೇಳಿ ಮುಂದೆ ಹೋಗ್ತೇನೆ. ಯಾರಾದರೂ ಹಾರ್ಡ್ ಡಿಸ್ಕ್ ತಂದು ಫೋಟೋ ಕಾಪಿ ಮಾಡಲಿಕ್ಕೆ ಹಾಕಿದರೆ ಸಾಕು, ಮೌಸ್ ತಡವರಿಸಲಿಕ್ಕೆ ಶುರು ಮಾಡುತ್ತಿತ್ತು. ಮೌಸಿನ ತಪ್ಪಲ್ಲ ಅದು. ಯುಎಸ್‌ಬಿ 3.0 ಪೋರ್ಟು, ಕೇಬಲ್ಲುಗಳಿಂದ ಹೊರಬೀಳುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ಸುತ್ತಮುತ್ತಲೂ ಹರಡ್ತದೆ, ವೈರ್‌ಲೆಸ್ ಮೌಸ್ ಮಾತಾಡುವುದೂ ಅಲ್ಲೇ. 2012ರಲ್ಲಿ ಇಂಟೆಲ್‌ನವರೇ ಇದರ ಬಗ್ಗೆ ತಾಂತ್ರಿಕ ವರದಿ ಬರೆದಿದ್ದರು. ಒಂದು ಗೇಣುದ್ದದ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ರಿಸೀವರನ್ನು ಮೇಜಿನ ಮೇಲೆ ತಂದಿಟ್ಟೆ, ಮುಗೀತು. ಬ್ಲೂಟೂತ್‌ಗೆ ಹೋದರೆ ಪಾರಾಗಬಹುದು ಅಂದುಕೊಳ್ಳುವವರಿಗೆ: ಬ್ಲೂಟೂತ್ ಇರುವುದೂ ಅದೇ 2.4ರಲ್ಲಿ.

ಇಷ್ಟರವರೆಗೆ ನಾಲ್ಕೂವರೆ ನಕ್ಷತ್ರದ ಮೌಸ್. ಈಗ ಆಟಿಗೆ ಬರುವ.

ಜುಲೈ ನಡುವಿಂದ ಆಗಸ್ಟ್ ನಡುವಿನವರೆಗೆ ನಮ್ಮಲ್ಲಿ ಆಟಿ. ಮದುವೆ ಇಲ್ಲ, ಮೇಳ ಇಲ್ಲ, ಹೊರಗೆ ಮಳೆ ಬಿಟ್ಟರೆ ಏನೂ ಇಲ್ಲ. ಅಂಗಡಿಯಲ್ಲಿ ಜೆರಾಕ್ಸು, ಶಾಲೆ ಮಕ್ಕಳ ಅರ್ಜಿ, ಅಷ್ಟೆ. ಅದನ್ನು ಅಂಗಡಿಯ ಕೆಲಸದ ಹುಡುಗ ಅವನ ಕಂಪ್ಯೂಟರಿನಲ್ಲೇ ಸುಧಾರಿಸ್ತಾನೆ. ನನ್ನ ಮೌಸ್ ಡ್ರಾಯರಿನಲ್ಲಿ ವಿಶ್ರಾಂತಿ. ಮೊದಲ ಮಳೆಗಾಲ ಕಳೆದಾಗ ಹೆಬ್ಬೆರಳ ಕಡೆ ರಬ್ಬರಿಗೆ ಸ್ವಲ್ಪ ಹೊಳಪು ಬಂದಿತ್ತು, ಕೈಯ ಜಿಡ್ಡು ಅಂತ ಒರೆಸಿದೆ. ಎರಡನೆಯ ಆಟಿ ಮುಗಿದು, ಅಷ್ಟಮಿಯ ಪೋಸ್ಟರ್ ಮತ್ತು ಚೌತಿಯ ರಶೀದಿ ಪುಸ್ತಕದ ಕೆಲಸಕ್ಕೆ ಅಂತ ಡ್ರಾಯರ್ ಎಳೆದೆ. ಮೌಸ್ ಮಗ್ಗುಲಾಗಿ ಬಿದ್ದಿತ್ತು. ಎತ್ತಿದರೆ ಅದರ ಜೊತೆ ಹಳೆಯ ರಶೀದಿ ಪುಸ್ತಕವೂ ಎದ್ದು ಬಂತು.

ಹಲಸಿನ ಮೇಣ ಮೆತ್ತಿದ ಹಾಗೆ. ಹಿಡಿದರೆ ಬೆರಳು ಬಿಡುವುದಿಲ್ಲ, ಬಿಡಿಸಿದರೆ ಬೆರಳ ತುದಿಯಲ್ಲಿ ಕಪ್ಪು. ಆ ಕಪ್ಪು ಬೆರಳಲ್ಲಿ ಗಿರಾಕಿಯ ಪ್ರೂಫ್ ಮುಟ್ಟಿದರೆ ಪ್ರೂಫಿನ ಮೇಲೂ ಕಪ್ಪು. ಹುಡುಗ ಮುಖದ ಪೌಡರ್ ತಂದು ಉದುರಿಸಿದ. ಅರ್ಧ ಗಂಟೆ ಚೆನ್ನಾಗಿತ್ತು. ಆಮೇಲೆ ಪೌಡರ್ ಅದರೊಳಗೇ ಕಲಸಿ ಬೂದು ಬಣ್ಣದ ಹಿಟ್ಟಾಯಿತು. ಮನೆಗೆ ತಂದು ತೋರಿಸಿದರೆ ಅತ್ತೆ ನೋಡಿದ್ದೇ, "ತೆಂಗಿನೆಣ್ಣೆ ಹಚ್ಚು ಮಾರಾಯ್ತಿ, ಮೇಣ ಎಲ್ಲ ಹೋಗ್ತದೆ" ಅಂದರು. ಹಲಸಿಗೆ ಸರಿ. ಇದಕ್ಕೆ ಎಣ್ಣೆ ತಾಗಿದರೆ ಇನ್ನೂ ಮೆತ್ತಗಾಗ್ತದೆ ಅಂತ ಅವರಿಗೆ ಒಪ್ಪಿಸಲಿಕ್ಕೆ ಊಟ ಮುಗಿಯುವವರೆಗೆ ಬೇಕಾಯಿತು.

ನನಗೆ ಸಿಟ್ಟು ಬಂದದ್ದು ಯಾಕೆ ಅಂದರೆ, ಇದು ಉಪಯೋಗಿಸಿ ಹಾಳಾದದ್ದಲ್ಲ. ದಿನಾ ತಿಕ್ಕಿ ಸವೆಸಿದ್ದರೆ ಸಮಾಧಾನ ಇರುತ್ತಿತ್ತು. ಸುಮ್ಮನೆ ಇಟ್ಟಲ್ಲೇ ಕರಗಿತು. ರಬ್ಬರಿನ ಹಾಗೆ ಕಾಣುವ ಮೆತ್ತಗಿನ ಈ ಲೇಪ ಹೆಚ್ಚಾಗಿ ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ ಜಾತಿಯದ್ದು. ಗಾಳಿಯ ನೀರಿನಂಶ ಒಳಗೆ ಹೊಕ್ಕು ಅದರ ಉದ್ದದ ಅಣುಸರಪಳಿಯನ್ನು ತುಂಡು ತುಂಡು ಮಾಡ್ತಾ ಹೋಗ್ತದೆ. ಸರಪಳಿ ಗಿಡ್ಡವಾದಷ್ಟು ಲೇಪ ಗಟ್ಟಿತನ ಬಿಟ್ಟು ಅಂಟಾಗ್ತದೆ. ಸೆಕೆ ಇದ್ದರೆ ಇದೆಲ್ಲ ಇನ್ನೂ ಬೇಗ. ಬೆವರು, ಕೈಯ ಜಿಡ್ಡು ಅದಕ್ಕೆ ಸೇರಿಕೊಳ್ತದೆ. ಒಣಹವೆಯ ಊರಲ್ಲಿ ವರ್ಷಗಟ್ಟಲೆ ಬಾಳುವ ಲೇಪ ನಮ್ಮ ಮುಚ್ಚಿದ ಡ್ರಾಯರಿನಲ್ಲಿ ಬೇಗ ಕೈಕೊಡುವುದು ಇದಕ್ಕೇ. ಒಮ್ಮೆ ಅಂಟಾದ ಮೇಲೆ ರಿಪೇರಿ ಇಲ್ಲ. ಸರಪಳಿ ಮತ್ತೆ ಜೋಡಿಸಲಿಕ್ಕೆ ಬರುವುದಿಲ್ಲ.

ವಾರಂಟಿ ಇನ್ನೂ ಇತ್ತು. ಫೋನ್ ಮಾಡಿದೆ. ಹಾಡು ಕೇಳಿ ಕೇಳಿ ಸಾಕಾದ ಮೇಲೆ ಬೆಂಗಳೂರಿನ ಹುಡುಗಿ ಸಿಕ್ಕಿದಳು, ಪಾಪ, ತಾಳ್ಮೆಯಿಂದಲೇ ಮಾತಾಡಿದಳು.

"ಮೇಡಂ, ಕ್ಲಿಕ್ ವರ್ಕ್ ಆಗ್ತಿದ್ಯಾ?"

"ಆಗ್ತದೆ."

"ಹಾಗಾದ್ರೆ ಅದು ಫಿಸಿಕಲ್ ಡ್ಯಾಮೇಜಲ್ಲಿ ಬರುತ್ತೆ ಮೇಡಂ, ಕವರ್ ಆಗಲ್ಲ."

ಯಾರೂ ಮುಟ್ಟದೆ ಇದ್ದಾಗ ಆದದ್ದು ಫಿಸಿಕಲ್ ಡ್ಯಾಮೇಜ್ ಹೇಗಾಗ್ತದೆ ಅಂತ ಕೇಳಿದೆ. ಮೇಲಿನವರಿಗೆ ತಿಳಿಸ್ತೀನಿ ಅಂದಳು. ಮೇಲಿನವರು ಇನ್ನೂ ಮೇಲೆಯೇ ಇದ್ದಾರೆ.

ಆ ಸಿಟ್ಟಿನಲ್ಲೇ ಅದನ್ನು ಬೋಳಿಸಲಿಕ್ಕೆ ಕೂತೆ. ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಬಾಟಲಿ, ಮೊಬೈಲ್ ರಿಪೇರಿಯವರಲ್ಲಿ ಇರ್ತದೆ, ಹಳೆಯ ಪಂಚೆಯ ತುಂಡು, ಸಂದಿಗೆ ಹಲ್ಲುಕಡ್ಡಿ. ಮೊದಲು ಸೆಲ್ ತೆಗೆದಿಟ್ಟೆ. ಬಟ್ಟೆಗೆ ಮಾತ್ರ ಹಚ್ಚಬೇಕು, ಮೌಸಿಗೆ ಸುರಿಯಬಾರದು, ಗುಂಡಿಯ ಸಂದಿಯಲ್ಲಿ ಒಳಗಿಳಿದರೆ ಕಷ್ಟ. ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಬೇಡವೇ ಬೇಡ, ಅದು ಪ್ಲಾಸ್ಟಿಕ್ಕನ್ನೇ ಕರಗಿಸ್ತದೆ. ತಿಕ್ಕುತ್ತಾ ಹೋದ ಹಾಗೆ ಕಪ್ಪು ಉಂಡೆ ಉಂಡೆಯಾಗಿ ಎದ್ದು ಬರ್ತದೆ. ಸಂಜೆ ಲೈಟ್ ಹಾಕುವ ಹೊತ್ತಿಗೆ ಅಡಿಯಿಂದ ಬೂದು ಬಣ್ಣದ ಗಟ್ಟಿ ಪ್ಲಾಸ್ಟಿಕ್ ಕಾಣಿಸಿತು, ಒಂಚೂರು ಗೆರೆ ಇಲ್ಲ, ನಯವಾಗಿ, ತಣ್ಣಗೆ.

ಹೇಳಬೇಕಾದ್ದು ಇದು: ಈಗ ಆ ಮೌಸ್ ಮೊದಲಿಗಿಂತ ಒಳ್ಳೆಯದುಂಟು. ಬೆವರಿದ ಕೈಗೆ ರಬ್ಬರಿಗಿಂತ ಪ್ಲಾಸ್ಟಿಕ್ಕೇ ಹಾಯಿ, ಒದ್ದೆ ಬಟ್ಟೆಯಲ್ಲಿ ಒಂದು ಸಲ ಎಳೆದರೆ ಸ್ವಚ್ಛ. ಮೇಲೆ ಅಚ್ಚೊತ್ತಿದ್ದ ಕಂಪನಿಯ ಹೆಸರೂ ಲೇಪದ ಜೊತೆ ಹೋಯಿತು, ಅದರ ಬಗ್ಗೆ ನನಗೆ ದುಃಖ ಇಲ್ಲ. ಹೆಬ್ಬೆರಳ ಗುಂಡಿಗಳು, ಸೆನ್ಸರ್, ಆ ಬೆನ್ನಿನ ಉಬ್ಬು ಎಲ್ಲ ಹಾಗೇ ಉಂಟು. ಹೀಗೇ ಮಾರಿದ್ದರೆ ಐದು ನಕ್ಷತ್ರ ಕೊಡ್ತಿದ್ದೆ. ಅವರೇ ಖರ್ಚು ಮಾಡಿ ಹಚ್ಚಿದ್ದನ್ನು ನಾನು ಖರ್ಚು ಮಾಡಿ ತೆಗೆಯಬೇಕಾಯಿತಲ್ಲ, ಆ ಎರಡು ನಕ್ಷತ್ರ ಅದಕ್ಕೆ ಕಡಿತ.

ಕ್ಲಿಕ್ಕಿನ ರೋಗದ ಬಗ್ಗೆಯೂ ಕೆಲವರು ಕೇಳ್ತಾರೆ, ಒಂದು ಸಲ ಒತ್ತಿದರೆ ಎರಡು ಸಲ ಬೀಳುವುದು. ಇದಕ್ಕಿಂತ ಮೊದಲಿನ ಮೌಸಿಗೆ ಅದು ಬಂದಿತ್ತು. ಗುಂಡಿಯ ಅಡಿಯ ಪುಟ್ಟ ಸ್ವಿಚ್ಚಿನಲ್ಲಿ ತೆಳು ಲೋಹದ ಪಟ್ಟಿ ಇರ್ತದೆ. ಅದರ ಬಿಗು ಸಡಿಲವಾದರೆ, ತಾಗುವ ಜಾಗಕ್ಕೆ ಕಿಲುಬು ಹಿಡಿದರೆ, ಒಂದೇ ಒತ್ತಿಗೆ ಎರಡು ಸಲ ತಾಗಿ ಬಿಡ್ತದೆ. ಬೇರೆಯವರಿಗೆ ಇದು ಬರೀ ಕಿರಿಕಿರಿ. ಕೋರಲ್‌ಡ್ರಾದಲ್ಲಿ ಶೇಪ್ ಟೂಲ್ ಹಿಡಿದು ಒಂದು ನೋಡ್, ಅಂದರೆ ಅಕ್ಷರದ ಗೆರೆಯ ಬಿಂದುವಿನ, ಮೇಲೆ ಎರಡು ಸಲ ಕ್ಲಿಕ್ ಬಿದ್ದರೆ ಆ ನೋಡೇ ಅಳಿಸಿ ಹೋಗ್ತದೆ. ಅಕ್ಷರದ ಹೊಟ್ಟೆ ಚಪ್ಪಟೆ. ಅಂಥ ಮೌಸಿನಲ್ಲಿ ನಮ್ಮ ಕೆಲಸ ಸಾಧ್ಯವೇ ಇಲ್ಲ. ಈಗಿನದ್ದಕ್ಕೆ ಇಷ್ಟರವರೆಗೆ ಬಂದಿಲ್ಲ.

ಹುಡುಗನ ಕಂಪ್ಯೂಟರಿಗೆ ಲಾಜಿಟೆಕ್ ಎಂ185 ಹಾಕಿದ್ದೇವೆ. ದುಬಾರಿಯದರ ಕಾಲುಭಾಗವೂ ಬೆಲೆ ಇಲ್ಲ, ಒಂದೇ ಡಬಲ್ ಎ ಸೆಲ್, ಮೆತ್ತಗಿನ ಲೇಪ ಇಲ್ಲ, ಸಣ್ಣ ಗಾತ್ರ ಅವನ ಕೈಗೆ ಸರಿಯಾಗ್ತದೆ. ಅದೇ ಡ್ರಾಯರಿನ ಪಕ್ಕದಲ್ಲೇ ಆಟಿ ಕಳೆದರೂ ಅದಕ್ಕೆ ಏನೂ ಆಗಲಿಲ್ಲ. ಟೈಪಿಂಗ್, ಅರ್ಜಿ, ಬಿಲ್ ಇಷ್ಟೇ ಇರುವವರು ಮೂರೂವರೆ ಸಾವಿರದ ಹತ್ತಿರ ಹೋಗುವುದೇ ಬೇಡ. ದಿನವಿಡೀ ಡಿಸೈನ್ ಮಾಡುವವರು ಹೋಗಿ, ಹೆಬ್ಬೆರಳ ಗುಂಡಿ ಇಲ್ಲದೆ ನನಗಂತೂ ಇನ್ನು ಆಗುವುದಿಲ್ಲ. ಆದರೆ ಡಬ್ಬಿಯ ಮೇಲೆ "ಸಾಫ್ಟ್ ಟಚ್" ಅಂತ ಕಂಡರೆ ವಾಪಸು ಇಡಿ. ಅಂಗಡಿಯವರು ಬಿಟ್ಟರೆ ಉಗುರಿನಲ್ಲಿ ಮೆಲ್ಲಗೆ ಒತ್ತಿ ನೋಡಿ, ಗುರುತು ಕೂತರೆ ಅದು ಲೇಪ. ಹಳೆಯ ಸ್ಟಾಕು ಅಂತ ಕಡಿಮೆಗೆ ಕೊಡ್ತಾರಲ್ಲ, ಅದರಲ್ಲಿ ಇನ್ನೂ ಜಾಗ್ರತೆ. ಡಬ್ಬಿಯೊಳಗೇ ಮಳೆಗಾಲ ಕಳೆದಿರಬಹುದು.

ನನ್ನ ಮೌಸಿನಲ್ಲಿ ಇನ್ನು ಉಳಿದಿರುವ ರಬ್ಬರ್ ಅಂದರೆ ಸ್ಕ್ರಾಲ್ ಚಕ್ರದ ಸುತ್ತಿನ ಬಳೆ ಮಾತ್ರ. ಸದ್ಯಕ್ಕೆ ಗಟ್ಟಿಯಾಗಿಯೇ ಉಂಟು. ಆಟಿ ಕಳೆದು ಬರುವ ಸೋಣ ತಿಂಗಳಿಗೆ ಡ್ರಾಯರ್ ತೆಗೆದಾಗ ಹೇಗಿರ್ತದೋ, ನೋಡಿ ನಕ್ಷತ್ರ ತಿದ್ದುತ್ತೇನೆ.