ಸೆನ್ಸರ್ ಬದಲಿಸಬೇಕೆ, ಥರ್ಮೋಸ್ಟಾಟ್ ಬದಲಿಸಬೇಕೆ?

ಹಳೆಯ ಕಾರಿನ ತಾಪಮಾನದ ಮುಳ್ಳು ಕುಣಿಯುತ್ತಿದ್ದರೆ ಮೊದಲು ಅದರ ವೇಗ ಗಮನಿಸಿ. ಕ್ಷಣದಲ್ಲಿ ನೆಗೆದು ಬಿದ್ದರೆ ದೋಷ ಬಹುತೇಕ ವಿದ್ಯುತ್ತಿನದು. ಲೀಟರ್‌ಗಟ್ಟಲೆ ಕೂಲೆಂಟ್ (ಇಂಜಿನ್ ತಣಿಸುವ ದ್ರವ) ಅಷ್ಟು ಬೇಗ ಕಾಯುವುದೂ ಇಲ್ಲ, ಆರುವುದೂ ಇಲ್ಲ. ಕೂಲೆಂಟ್‌ನ ಬಿಸಿ ಅಳೆಯಲು ಒಂಟಿ ತಂತಿಯ ಸೆನ್ಸರ್ ಇರುವಲ್ಲಿ ತಂತಿ ಕಳಚಿದರೆ ಮುಳ್ಳು ಸಾಮಾನ್ಯವಾಗಿ ತಣ್ಣನೆಯ ತುದಿಗೆ, ಇಂಜಿನ್ನಿನ ಲೋಹಕ್ಕೆ ತಾಗಿದರೆ ಬಿಸಿಯ ತುದಿಗೆ ಹೋಗುತ್ತದೆ. ಇಂಧನದ ಮುಳ್ಳೂ ಜೊತೆಗೆ ಅಲೆದಾಡುತ್ತಿದೆಯೇ? ಸೆನ್ಸರ್‌ಗೆ ಹಣ ಸುರಿಯಬೇಡಿ. ಮೀಟರ್ ಫಲಕದ ಅರ್ಥಿಂಗ್ ಪರೀಕ್ಷಿಸಿ.

ನಿಮಿಷಗಟ್ಟಲೆ ನಿಧಾನವಾಗಿ ಏರಿಳಿದರೆ ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ತೆರೆದು ಮುಚ್ಚಿ ಕೂಲೆಂಟ್ ಹರಿವನ್ನು ನಿಯಂತ್ರಿಸುವ ಕವಾಟ) ಮೇಲೆ ಅನುಮಾನ. ಹೆದ್ದಾರಿಯಲ್ಲಿ ಇಳಿದು ದಟ್ಟಣೆಯಲ್ಲಿ ಏರಿದರೆ ಅದು ತೆರೆದೇ ಸಿಕ್ಕಿಕೊಂಡಿರಬಹುದು. ಆದರೆ ಕೂಲೆಂಟ್ ಕಡಿಮೆಯಾಗಿ ಗಾಳಿ ಸೇರಿದರೆ ಎರಡೂ ಲಕ್ಷಣಗಳು ಕಾಣಿಸುತ್ತವೆ. ಹಾಗಾಗಿ ಯಾವುದನ್ನೂ ಕೊಳ್ಳುವ ಮುನ್ನ, ಇಂಜಿನ್ ಪೂರ್ತಿ ತಣಿದ ಮೇಲೆ, ಕೂಲೆಂಟ್ ಮಟ್ಟ ನೋಡಿ.